ಯಗಚಿ ಹಿನ್ನೀರಿನ ಎರಡು ಕಂಪನಿ

ಮೂರನೇ ಸಲ ನನ್ನ ತಲೆಯನ್ನು ನೀರಿಗೆ ಅದುಮಲು ಬಂದಾಗ ಗಿಡ್ಡಯ್ಯನ ಕಿವಿ ನನ್ನ ಬಾಯಿಗೆ ಸಿಕ್ಕಿತು.

ಕಚ್ಚಿದೆ!

ಸುಮ್ಮನೆ ಅಲ್ಲ. ನಾಲಿಗೆಗೆ ರಕ್ತದ ರುಚಿ ಬರುವವರೆಗೂ ಬಿಡಲಿಲ್ಲ.

"ಅಯ್ಯಯ್ಯಪ್ಪೋ... ಕಿವಿ ಹೋಯ್ತು ಕಣಣ್ಣೋ!"

"ಹೋದ್ರೆ ಇನ್ನೊಂದೈತೆ. ಅವನ್ನ ಬಿಡಬ್ಯಾಡ್ರಲಾ!"

ಹಾಗೆ ಕೂಗಿದವನು ತಮ್ಮಯ್ಯ. ದಡದ ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಬೀಡಿ ಸೇದುತ್ತಿದ್ದ. ಹೆಗಲ ಮೇಲೆ ಟವೆಲ್ಲು, ಕತ್ತಿನಲ್ಲಿ ತಾಯಿತ. ಗಂಗಮ್ಮತಾಯಿ ಬೋಟಿಂಗ್ ಎಂಬ ಕಂಪನಿಯ ಮಾಲೀಕ. ಗಿಡ್ಡಯ್ಯ ಮತ್ತು ಅವನ ಜೊತೆಗಿದ್ದ ಮೀಸೆಯವನು ಆ ಕಂಪನಿಯ ಸ್ಟಾಫು.

"ಏನ್ಲಾ, ಬಾಯಿ ಬಿಡ್ತೀಯೋ ಇಲ್ವೋ? ನಾಳೆ ಬರೋ ಹೆಣ್ಮಕ್ಕಳ ಪಾರ್ಟಿ ಯಾರ ದೋಣಿ ಹತ್ತೈತೆ? ನಮ್ದೋ, ಆ ಚೇತನ್‌ಕುಮಾರಂದೋ?"

"ಎರಡೂ ನೋಡಿ ಹೇಳ್ತೀನಿ ಅಂದ್ನಲ್ಲ..."

"ಅದ್ದ್ರಲಾ!"

ಅದ್ದಿದರು. ಮೂಗಿಗೆ ನೀರು, ಕಿವಿಗೆ ನೀರು. ಕಣ್ಣಿನ ಮುಂದೆ ಹಸಿರು ಕತ್ತಲೆ. ಆದರೂ ಅವರಿಬ್ಬರ ಕೆಲಸ ಸಲೀಸಾಗಿರಲಿಲ್ಲ. ನನ್ನ ಮೈಮೇಲೆ ಅವರೇ ಹಾಕಿದ್ದ ಹಳೇ ಲೈಫ್ ಜಾಕೆಟ್ ಇತ್ತು. ಬಣ್ಣ ಹೋಗಿ, ಮೀನು ವಾಸನೆ ಹೊಡೆಯುತ್ತಿದ್ದ ದರಿದ್ರ ಜಾಕೆಟ್ಟು. ಎಷ್ಟು ಅದುಮಿದರೂ ಅದು ನನ್ನನ್ನು ಮತ್ತೆ ಮೇಲಕ್ಕೆ ಎತ್ತುತ್ತಿತ್ತು. ಇಬ್ಬರೂ ಏದುಸಿರು ಬಿಡುತ್ತಿದ್ದರು.

ಆಗ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ನಾನು ಯಾರು ಅಂತ ಹೇಳಲಿಲ್ಲ ಅಲ್ಲವೇ? ಭೀಮರಾಜ್. ಅರಸೀಕೆರೆ ಸ್ಟೇಷನ್ ರಸ್ತೆಯಲ್ಲಿ, ಸೈಕಲ್ ಶಾಪಿನ ಮೇಲಿನ ರೂಮು ನನ್ನ ಆಫೀಸು. ಮದುವೆ ಹಿಂದಿನ ದಿನ ಓಡಿಹೋದ ಗಂಡನ್ನು ಹುಡುಕಿ ತರುವುದು, ಬಾಣಾವರದಲ್ಲಿ ಕಳುವಾದ ಲಾರಿಯನ್ನು ಎಲ್ಲಿದ್ದರೂ ಓಡಿಸಿಕೊಂಡು ಬರುವುದು, ಬೆದರಿಸುವವನ ಮನೆಗೆ ಹೋಗಿ ಅವನನ್ನೇ ಬೆದರಿಸುವುದು... ಇಂಥ ಕೆಲಸ. ಎರಡು ಹಲ್ಲು ಕಟ್ಟಿಸಿದವು. ಎಡಗೈ ಮಣಿಕಟ್ಟಿನಲ್ಲಿ ಕಂಬಿ ಇದೆ.

ಈ ಸಲದ್ದು ತೀರಾ ಹಗುರವಾದ ಕೆಲಸ ಅಂದುಕೊಂಡಿದ್ದೆ. ನನ್ನ ಅಕ್ಕ ಮುತ್ತಮ್ಮನ ಮಗಳು ಸಿರಿ ನಮ್ಮೂರ ಕಾಲೇಜಿನಲ್ಲಿ ಓದುತ್ತಿದ್ದಳು. ಅವಳ ಲೆಕ್ಚರರ್ ಲತಾಮಣಿ ಮೇಡಂ ಒಂದು ವ್ಯಾನಿನ ತುಂಬ ಹುಡುಗಿಯರನ್ನು ಬೇಲೂರಿನ ಯಗಚಿ ಹಿನ್ನೀರಿಗೆ ಕರೆದುಕೊಂಡು ಹೋಗಬೇಕೆಂದಿದ್ದರು. ದೇವಸ್ಥಾನ ನೋಡುವುದಕ್ಕಲ್ಲ, ಕಯಾಕ್ ಹತ್ತಿಸುವುದಕ್ಕೆ. ಒಬ್ಬರೋ ಇಬ್ಬರೋ ಕೂತು ಹುಟ್ಟು ಹಾಕಿಕೊಂಡು ಹೋಗುವ ಸಣ್ಣ ಉದ್ದನೆಯ ದೋಣಿ. ಜೊತೆಗೆ ಗೈಡು. ಆಗಿನ್ನೂ ಡ್ಯಾಮಿಗೆ ನೀರು ನಿಂತು ನಾಲ್ಕೈದು ವರ್ಷ ಆಗಿತ್ತಷ್ಟೇ. ನಮ್ಮ ಕಡೆ ಇದೆಲ್ಲ ಹೊಸದು.

"ಅಲ್ಲಿ ಎರಡು ಕಂಪನಿ ಇದೆಯಂತೆ ಭೀಮರಾಜ್. ನಂಗೆ ನೀರಿನ ವಿಷಯ ಏನೂ ಗೊತ್ತಿಲ್ಲ," ಅಂದಿದ್ದರು ಮೇಡಂ. "ಈ ಹುಡುಗೀರಲ್ಲಿ ಅರ್ಧಕ್ಕರ್ಧ ಈಜು ಬರದೋರು. ನೀವೇ ಹೋಗಿ ನೋಡಿ ಆರಿಸಿಕೊಡಿ. ನೀವು ಹೇಳಿದ ಕಡೆ ಕಣ್ಣುಮುಚ್ಚಿ ಹತ್ತಿಸ್ತೀನಿ."

ಕಣ್ಣುಮುಚ್ಚಿ! ಆ ಮಾತಿನ ಭಾರ ನನಗೆ ಅವತ್ತು ತಿಳಿಯಲಿಲ್ಲ.

ಹಾಗೆ ಬಂದವನಿಗೆ ತಮ್ಮಯ್ಯನ ಫ್ರೀ ಟ್ರಯಲ್ ಇದು. ನಾಲ್ಕನೇ ಸಲ ಮೇಲೆದ್ದಾಗ ದಡದಲ್ಲಿ ಒಂದು ಟೂರಿಸ್ಟ್ ಬಸ್ಸು ಬಂದು ನಿಂತಿತ್ತು. ಸಾಕ್ಷಿಗಳು! ತಮ್ಮಯ್ಯ ಬೀಡಿ ಎಸೆದು ಎದ್ದ. ನನ್ನ ಕಾಲರ್ ಹಿಡಿದು ಎಳೆದು, ಮುಖದ ಹತ್ತಿರ ಮುಖ ತಂದ.

"ನಮ್ಮೂರು ಈ ನೀರಿನಡೀಲಿ ಐತೆ ಕಣ್ಲಾ. ನಾನು ಹುಟ್ಟಿದ ಮನೆ ಆ ಒಣಮರ ಕಾಣ್ತೈತಲ್ಲ, ಅದರ ಬುಡದಲ್ಲೈತೆ. ಈ ನೀರಿನ ಮೇಲೆ ಮೊದ್ಲು ಹುಟ್ಟು ಹಾಕಿದೋನು ನಾನು. ಆ ಪ್ಯಾಂಟಿನೋನು ನಿನ್ನೆ ಮೊನ್ನೆ ಬಂದೋನು. ಅವನ ಕಡೆ ಪಾರ್ಟಿ ತಿರುಗ್ಸಿದ್ಯೋ, ಅರಸೀಕೆರೆಗೇ ಬಂದು ಮುರೀತೀನಿ!"

ಹೊಟ್ಟೆಗೆ ಒಂದು ಗುದ್ದಿದ. ನಾನು ಮಡಚಿಕೊಂಡು ಕೆಸರಿಗೆ ಬಿದ್ದೆ.

ಎಬ್ಬಿಸಿದ ಕೈ ಮೆತ್ತಗಿತ್ತು. ಸೆಂಟಿನ ವಾಸನೆ ಬರುತ್ತಿತ್ತು.

"ಛೇ ಛೇ... ಏನ್ ಸರ್ ಇದು! ಬನ್ನಿ, ನಮ್ಮ ಆಫೀಸಲ್ಲಿ ಕೂತ್ಕೊಳ್ಳಿ. ಐ ಆಮ್ ಚೇತನ್‌ಕುಮಾರ್."

ಆಕ್ವಾ ಶಿಲ್ಪ ಅಡ್ವೆಂಚರ್ಸ್. ಗಾಜಿನ ಬಾಗಿಲು, ಒಳಗೆ ಫ್ಯಾನು. ಗೋಡೆ ತುಂಬ ಫ್ರೇಮು ಹಾಕಿದ ಸರ್ಟಿಫಿಕೇಟು. ಬಿಳೀ ಟೀ ಶರ್ಟಿನ ಗೈಡುಗಳು ನನ್ನನ್ನು ಕಂಡೊಡನೆ ಎದ್ದು ನಿಂತರು. ಒಣ ಟವೆಲ್ ಬಂತು. ಬಿಸಿ ಕಾಫಿ ಬಂತು. ಹಗ್ಗದ ಮೇಲೆ ಸಾಲಾಗಿ ನೇತುಹಾಕಿದ್ದ ಜಾಕೆಟ್ಟುಗಳು ಹೊಚ್ಚ ಹೊಸವು. ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣ.

"ಸೇಫ್ಟಿ ಫಸ್ಟ್ ಸರ್," ಅಂದ ಚೇತನ್. "ನೀರಿಗಿಳಿಯೋಕೆ ಮುಂಚೆ ಎಲ್ಲರ ಮೊಬೈಲ್ ತಗೊಂಡು ಕವರಲ್ಲಿ ಹಾಕಿಡ್ತೀವಿ. ಜಾಕೆಟ್ ಇಲ್ದೆ ಒಬ್ರನ್ನೂ ಬಿಡಲ್ಲ. ಆ ತಮ್ಮಯ್ಯನ ಕಡೆ ನೋಡಿದ್ರಲ್ಲ..."

ನೋಡಿದ್ದೆ. ಹೊಟ್ಟೆ ಇನ್ನೂ ನೋಯುತ್ತಿತ್ತು. ಒಬ್ಬ ಹೊಡೆದ, ಒಬ್ಬ ಕಾಫಿ ಕೊಟ್ಟ. ಇದರಲ್ಲಿ ಯೋಚನೆ ಮಾಡುವುದೇನಿದೆ? ಒಂದು ಜಾಕೆಟ್ಟನ್ನು ಹಗ್ಗದಿಂದ ಕೆಳಗಿಳಿಸಿ ಮುಟ್ಟಿ ನೋಡುವ ಯೋಚನೆ ಕೂಡ ಬರಲಿಲ್ಲ. ಬೈಕಿನ ಬ್ಯಾಗಿನಲ್ಲಿಟ್ಟಿದ್ದ ಮೊಬೈಲು ತಂದು ಅಲ್ಲಿಂದಲೇ ಫೋನು ಮಾಡಿದೆ.

"ಮೇಡಂ, ಆಕ್ವಾ ಶಿಲ್ಪ. ಕಣ್ಣುಮುಚ್ಚಿ ಬುಕ್ ಮಾಡಿ!"

ಮರುದಿನ ಭಾನುವಾರ. ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಇಡ್ಲಿ ಮುರಿಯುತ್ತಿದ್ದೆ. ಹುಡುಗಿಯರ ವ್ಯಾನು ಬೆಳಗಿನ ಜಾವದಲ್ಲೇ ಬೇಲೂರಿನ ದಾರಿ ಹಿಡಿದಿತ್ತು. ಹೋಗುವಾಗ ಸಿರಿ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, "ಮಾಮಾ, ಬತ್ತೀನಿ!" ಎಂದು ಇಡೀ ಬೀದಿಗೆ ಕೇಳುವಂತೆ ಕಿರುಚಿದ್ದಳು.

ಹೋಟೆಲಿನ ಮುಂದೆ ಒಂದು ಸುಮೋ ಬ್ರೇಕ್ ಹಾಕಿತು.

ಮೊದಲು ಇಳಿದದ್ದು ಬಿಳೀ ಬ್ಯಾಂಡೇಜು. ಆಮೇಲೆ ಅದನ್ನು ಕಟ್ಟಿಕೊಂಡಿದ್ದ ಗಿಡ್ಡಯ್ಯನ ತಲೆ. ಹಿಂದೆ ಮೀಸೆಯವನು, ಕೈಯಲ್ಲಿ ಕಬ್ಬಿಣದ ರಾಡು.

"ತಿರುಗ್ಸೇ ಬಿಟ್ಟಲ್ಲೋ ಪಾರ್ಟಿನ!"

ಸಾಂಬಾರಿನ ಬಕೀಟು ಕೈಗೆಟುಕುವಷ್ಟು ಹತ್ತಿರವಿತ್ತು. ಎತ್ತಿ ಎರಚಿದೆ. ಮೀಸೆಯವನು ಮುಖ ಹಿಡಿದುಕೊಂಡು ಅಲ್ಲೇ ಕೂತ. ಗಿಡ್ಡಯ್ಯ ರಾಡು ಕಸಿದು ಬೀಸಿದ. ನನ್ನ ಇಡ್ಲಿ ತಟ್ಟೆ ಎರಡು ಹೋಳಾಯಿತು. ಟೇಬಲ್ಲನ್ನು ಅವನ ಮೇಲೆ ಮಗುಚಿ ಹಿಂಬಾಗಿಲಿನಿಂದ ಓಡಿದೆ.

ನನ್ನ ಯಮಹಾ ಎರಡನೇ ಕಿಕ್ಕಿಗೆ ಎದ್ದಿತು. ಸಂತೆಮೈದಾನ, ರೈಲ್ವೆ ಗೇಟು... ಗೇಟು ಬೀಳುತ್ತಿತ್ತು. ತಲೆ ಬಗ್ಗಿಸಿ ನುಗ್ಗಿದೆ. ಕಂಬ ಬೆನ್ನು ಸವರಿಕೊಂಡು ಹೋಯಿತು! ರೈಲು ಅವರನ್ನು ಹಿಡಿದು ನಿಲ್ಲಿಸುತ್ತದೆ ಅಂದುಕೊಂಡೆ. ಬಂದದ್ದು ಬರೀ ಇಂಜಿನ್ನು. ಹಾರನಹಳ್ಳಿ ದಾರಿಯಲ್ಲಿ ಕನ್ನಡಿ ನೋಡಿದರೆ ಸುಮೋ ಮತ್ತೆ ಹಿಂದೆಯೇ ಇತ್ತು.

ಹಾರನಹಳ್ಳಿ ಸಮೀಪಿಸಿದಾಗ ಅದರ ಬಂಪರ್ ನನ್ನ ಹಿಂದಿನ ಚಕ್ರಕ್ಕೆ ತಾಗಿತು. ಬೈಕು ಒಂದು ಕಡೆ ಹೋಯಿತು, ನಾನು ಇನ್ನೊಂದು ಕಡೆ. ಬಿದ್ದದ್ದು ಮೆತ್ತನೆಯ ಕಂದು ಗುಡ್ಡೆಯ ಮೇಲೆ. ತೆಂಗಿನ ನಾರು ತೆಗೆದ ಮೇಲೆ ಉಳಿಯುವ ಪುಡಿಯ ಗುಡ್ಡೆ. ಪಕ್ಕದಲ್ಲಿ ತಗಡಿನ ಶೆಡ್ಡು. ನಮ್ಮ ಸೀಮೆಯಲ್ಲಿ ಇಂಥ ನಾರಿನ ಶೆಡ್ಡುಗಳು ಬೇಕಾದಷ್ಟಿವೆ. ಕುಂಟುತ್ತ ಒಳಗೆ ನುಗ್ಗಿದೆ.

ಒಳಗೆ ಒಬ್ಬ ಹೆಂಗಸು ಹೊಲಿಗೆ ಮೆಷಿನ್ ಮುಂದೆ ಕೂತಿದ್ದಳು. ಆಮೇಲೆ ಗೊತ್ತಾಯಿತು, ಹೆಸರು ರಂಗಮ್ಮ. ಅವಳ ಸುತ್ತ ಕಿತ್ತಳೆ ಬಣ್ಣದ ರಾಶಿ ಬಿದ್ದಿತ್ತು.

ಅದೇ ಕಿತ್ತಳೆ! ನೋವು ಮರೆತು ನಿಂತುಬಿಟ್ಟೆ.

"ಏನಮ್ಮಾ ಇದು?"

"ಬೇಲೂರು ದೋಣಿಯೋರದು ಕಣಪ್ಪ. ನೀರಾಗೆ ಹೋಗೋರು ಹಾಕ್ಕಳ ಕೋಟು. ಬೆಂಗ್ಳೂರಿಂದ ಬರಬೇಕಾದ್ದು ಬರನೇ ಇಲ್ವಂತೆ. ಸೀಜನ್ನು ಸುರುವಾಗೋಯ್ತು ಅಂತ ನಮ್ ತಾವ ಹೊಲುಸ್ತಾವ್ರೆ."

"ಒಳಗೇನು ತುಂಬ್ತೀರಿ?"

"ಇದೇಯ," ಅಂತ ಹೊರಗಿನ ಗುಡ್ಡೆ ತೋರಿಸಿದಳು. "ಕಾಯಿ ತೇಲಾಕಿಲ್ವಾ? ಹಂಗೇ ಇದೂ ತೇಲ್ತೈತೆ."

ನಗಬೇಡಿ. ಒಂದು ಕ್ಷಣ ನಾನೂ ತಲೆಯಾಡಿಸಿದೆ! ಯಾಕೆ ಗೊತ್ತೇ? ನಮ್ಮ ಕಡೆ ಮಕ್ಕಳೆಲ್ಲ ಈಜು ಕಲಿಯುವುದು ಕಾಯಿ ಕಟ್ಟಿಕೊಂಡೇ. ಸಿಪ್ಪೆ ಸುಲಿಯದ ಒಣಗಾಯಿ ಎರಡನ್ನು ಜೋಡಿ ಕಟ್ಟಿ, ಎದೆಗೆ ಬಿಗಿದು, ಬಾವಿಗೆ ತಳ್ಳುತ್ತಾರೆ. ನನ್ನನ್ನೂ ನಮ್ಮಪ್ಪ ಹಾಗೇ ತಳ್ಳಿದ್ದ. ಕಾಯಿ ಯಾವತ್ತೂ ಕೈಬಿಟ್ಟಿದ್ದಿಲ್ಲ. ಅರಸೀಕೆರೆ ಸೀಮೆಯಲ್ಲಿ ಹುಟ್ಟಿದವನು ತೆಂಗು ಮುಳುಗಿಸುತ್ತದೆ ಅಂದರೆ ನಂಬುವುದಿಲ್ಲ.

ಅಷ್ಟರಲ್ಲಿ ಬೆನ್ನಿಗೆ ರಾಡು ಬಿತ್ತು.

ಗಿಡ್ಡಯ್ಯ! ಎರಡನೇ ಏಟನ್ನು ಕೈಯಲ್ಲಿ ಹಿಡಿದೆ. ಇಬ್ಬರೂ ತಬ್ಬಿಕೊಂಡು ಶೆಡ್ಡಿನ ಹಿಂದಕ್ಕೆ ಉರುಳಿದೆವು. ಅಲ್ಲಿ ಸಿಪ್ಪೆ ನೆನೆಹಾಕುವ ತೊಟ್ಟಿ. ಕಪ್ಪು ನೀರು, ಕೊಳೆತ ನಾತ. ಧೊಪ್ಪನೆ ಬಿದ್ದೆವು. ಕಾಲಿಗೆ ತಳ ಸಿಗಲಿಲ್ಲ.

ಗಿಡ್ಡಯ್ಯನ ಹೆಬ್ಬೆರಳು ನನ್ನ ಗಂಟಲಲ್ಲಿ ಇಳಿಯುತ್ತಿತ್ತು. ಅವನ ಮೂಗಿಗೆ ತಲೆಯಿಂದ ಗುದ್ದಿದೆ. ಮೂಳೆ ಲಟಕ್ಕೆಂದಿತು. ಆದರೂ ಬಿಡಲಿಲ್ಲ ಪುಣ್ಯಾತ್ಮ!

"ಇಡ್ಕಳ್ರಪ್ಪೋ!" ರಂಗಮ್ಮ ಕಿರುಚಿ ಎರಡು ಜಾಕೆಟ್ ಎಸೆದಳು. "ತೇಲ್ತೈತೆ, ಇಡ್ಕಳಿ!"

ಹಿಡಿದುಕೊಂಡೆ. ತೇಲಿತು. ಅದರ ಮೇಲೆ ಎದೆ ಹಾಕಿ ಗಿಡ್ಡಯ್ಯನ ಮುಖಕ್ಕೆ ಇನ್ನೊಂದು, ಮತ್ತೊಂದು ಕೊಟ್ಟೆ. ಅವನೂ ಒಂದು ಜಾಕೆಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನನಗೆ ಗುದ್ದಿದ. ಹೀಗೆ ಕೊಟ್ಟು ತೆಗೆದುಕೊಂಡು ನಡೆದಿತ್ತು.

ಆಮೇಲೆ ನನ್ನ ಗದ್ದಕ್ಕೆ ನೀರು ಬಂತು.

ಆಮೇಲೆ ಬಾಯಿಗೆ...

ಎದೆಯ ಕೆಳಗಿನ ಜಾಕೆಟ್ಟು ಭಾರವಾಗುತ್ತಿತ್ತು. ತೇಲಿಸುತ್ತಿದ್ದದ್ದು ಈಗ ಎಳೆಯುತ್ತಿತ್ತು. ಬಿಟ್ಟೆ. ನೋಡನೋಡುತ್ತಿದ್ದಂತೆ ಕಿತ್ತಳೆ ಬಣ್ಣ ಕಪ್ಪು ನೀರಿನಲ್ಲಿ ಇಳಿದುಹೋಯಿತು. ಗಿಡ್ಡಯ್ಯನ ಕಂಕುಳಿನದು ಅವನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಿತ್ತು. ಕೂದಲು ಹಿಡಿದು ಎಳೆದು ತೊಟ್ಟಿಯ ಅಂಚಿಗೆ ಹಾಕಿದೆ.

ಇಬ್ಬರೂ ಕೆಮ್ಮಿದೆವು. ಯಾರೂ ಯಾರಿಗೂ ಹೊಡೆಯಲಿಲ್ಲ.

ನರ್ಸರಿಯವರು ಈ ಪುಡಿಯನ್ನು ಲೋಡುಗಟ್ಟಲೆ ಒಯ್ಯುವುದು ಯಾಕೆ? ಗಿಡದ ಬುಡದಲ್ಲಿ ನೀರು ಹಿಡಿದಿಟ್ಟುಕೊಳ್ಳಲಿ ಅಂತ! ಇಡೀ ಕಾಯಿಗೆ ಮೇಲೆ ಗಟ್ಟಿ ತೊಗಟೆ ಇರುತ್ತದೆ, ನೀರು ಒಳಗೆ ಹೋಗುವುದಿಲ್ಲ, ತೇಲುತ್ತದೆ. ತೊಗಟೆ ಹೋಗಿ ಪುಡಿಯಾದ ಮೇಲೆ ಅದು ನೀರು ಕುಡಿಯುತ್ತದೆ. ಕುಡಿದು ಕುಡಿದು ಕಲ್ಲಾಗುತ್ತದೆ. ಗೊತ್ತಿದ್ದ ವಿಷಯವೇ. ರಂಗಮ್ಮನಿಗೂ ಗೊತ್ತು, ನನಗೂ ಗೊತ್ತು. ಒಬ್ಬರಿಗೂ ಹೊಳೆದಿರಲಿಲ್ಲ.

ಅಲ್ಲಿ, ಯಗಚಿಯಲ್ಲಿ, ಒಂದು ವ್ಯಾನಿನ ತುಂಬ ಹುಡುಗಿಯರು ಇದನ್ನು ಮೈಗೆ ಬಿಗಿದುಕೊಳ್ಳುತ್ತಿದ್ದರು. ಅವರಲ್ಲಿ ಸಿರಿ. ನಾನೇ ಆರಿಸಿ ಕಳಿಸಿದ್ದೆ.

ನನ್ನ ಮೊಬೈಲು ತೊಟ್ಟಿಯಲ್ಲಿ ಸತ್ತಿತ್ತು. ಸುಮೋದಲ್ಲಿದ್ದ ಗಿಡ್ಡಯ್ಯನದನ್ನು ಕಸಿದುಕೊಂಡೆ. ಲತಾಮಣಿ ಮೇಡಂ ಫೋನ್ ಸ್ವಿಚಾಫ್. ಕವರಿನೊಳಗೆ! ರಂಗಮ್ಮನ ಆರ್ಡರ್ ಚೀಟಿಯಲ್ಲಿದ್ದ ಆಕ್ವಾ ಶಿಲ್ಪದ ನಂಬರಿಗೆ ಮಾಡಿದೆ. ಎತ್ತಿದವನು ಚೇತನ್‌ಕುಮಾರ್.

"ಹುಡುಗೀರನ್ನ ನೀರಿಗೆ ಇಳಿಸಬೇಡ! ನಿನ್ನ ಜಾಕೆಟ್ ಮುಳುಗತ್ತೆ. ನಾನು ಹಾರನಹಳ್ಳಿ ಶೆಡ್ಡಲ್ಲಿದೀನಿ!"

ಆ ಕಡೆಯಿಂದ ಮೆಲ್ಲಗೆ, "ಒದ್ದೆ ಆದ್ರೆ ತಾನೇ ಸರ್? ನಮ್ಮ ಟೂರಲ್ಲಿ ಯಾರೂ ಬೀಳಲ್ಲ," ಅಂದ.

ಕಟ್. ಮತ್ತೆ ಮಾಡಿದರೆ ಎಂಗೇಜ್.

ಅವನಿಗೆ ಗೊತ್ತಿತ್ತು! ಗೊತ್ತಿದ್ದೂ ಕಾಫಿ ಕೊಟ್ಟಿದ್ದ.

ಪೊಲೀಸರಿಗೆ ಹೇಳಿದೆ, ಹೊರಟೆವು ಅಂದರು. ನನ್ನ ಬೈಕಿನ ಚಕ್ರ ಮಡಚಿಕೊಂಡಿತ್ತು. ಸುಮೋದ ಡ್ರೈವರ್ ಸೀಟು ಹತ್ತಿದೆ. ಗಿಡ್ಡಯ್ಯ ಒಡೆದ ಮೂಗು ಹಿಡಿದುಕೊಂಡು ಬಾಗಿಲಿಗೆ ಅಡ್ಡ ನಿಂತ.

"ನಮ್ ಗಾಡಿ ಎಲ್ಲಿಗ್ಲಾ?"

"ಹೆಣ್ಮಕ್ಕಳು ಆ ಜಾಕೆಟ್ ಹಾಕ್ಕೊಂಡು ನೀರಿಗಿಳೀತಾವ್ರೆ ಗಿಡ್ಡಯ್ಯ. ನಿಮ್ಮಣ್ಣಂಗೆ ಫೋನು ಮಾಡು."

"ಅಣ್ಣನ ತಾವ ಎಲ್ಲೈತೆ ಫೋನು..." ಅವನು ತೊಟ್ಟಿಯ ಕಡೆ ನೋಡಿದ. ರಕ್ತ ಉಗಿದ. ನನ್ನನ್ನು ಪಕ್ಕದ ಸೀಟಿಗೆ ತಳ್ಳಿದ. "ಆ ಕಡೆ ಸರಿ. ಈ ಗಾಡಿ ಮೂರನೇ ಗೇರು ನಿಂಗೆ ಬೀಳಾಕಿಲ್ಲ."

ಹಿಂದಿನ ಸೀಟಿನಲ್ಲಿ ಸಾಂಬಾರು ಬಿದ್ದ ಮೀಸೆಯವನು ನರಳುತ್ತಲೇ ಇದ್ದ. ಜಾವಗಲ್ಲಿನಲ್ಲಿ ಸಂದಣಿ, ಹಾರ್ನು ನಿಲ್ಲಲಿಲ್ಲ. ಹಳೇಬೀಡಿನ ಕೆರೆ ಏರಿಯ ತಿರುವಿನಲ್ಲಿ ಒಂದು ಕಬ್ಬಿನ ಟ್ರ್ಯಾಕ್ಟರು ಅಡ್ಡ ಬಂತು. ಗಿಡ್ಡಯ್ಯ ಬ್ರೇಕ್ ಮುಟ್ಟಲೂ ಇಲ್ಲ! ಎಡಗಡೆಯ ಕನ್ನಡಿ ಕಿತ್ತುಕೊಂಡು ಹೋಯಿತು. ನಾನು ಗಾಳಿ ನೋಡುತ್ತಿದ್ದೆ. ಹೊತ್ತು ಏರಿದ ಮೇಲೆ ಯಗಚಿ ಮೇಲೆ ಗಾಳಿ ಏಳುತ್ತದೆ ಅಂತ ಗಿಡ್ಡಯ್ಯ ಆಗಷ್ಟೇ ಹೇಳಿದ್ದ. ರಸ್ತೆ ಬದಿಯ ತೆಂಗಿನ ಗರಿಗಳು ಆಗಲೇ ಒಂದು ಕಡೆಗೆ ವಾಲುತ್ತಿದ್ದವು. ನಮ್ಮಕ್ಕನ ಮುಖ ಕಣ್ಣ ಮುಂದೆ ಬಂತು. ನನಗೆ ಹೆದರಿಕೆಯಾಯಿತು. ಹೊಡೆತಕ್ಕೆ ಯಾವತ್ತೂ ಹೆದರಿದವನಲ್ಲ ನಾನು.

ದಡ ತಲುಪಿದಾಗ ನೀರಿನ ಮೇಲೆ ಅಲೆ ಎದ್ದಿತ್ತು. ದೂರದಲ್ಲಿ, ನೀರಿನಿಂದ ತಲೆ ಎತ್ತಿ ನಿಂತ ಒಣಮರಗಳ ಹತ್ತಿರ ಕಿತ್ತಳೆ ಚುಕ್ಕೆಗಳು ಕಂಡವು.

ಚೇತನ್ ದೋಣಿ ಹತ್ತುವ ಹಲಗೆಯ ಜೆಟ್ಟಿ ಮೇಲೆ ನಿಂತಿದ್ದ. ಪಕ್ಕದಲ್ಲಿ ಅವನ ಮೋಟಾರ್ ಬೋಟು ಕಟ್ಟಿತ್ತು. ಇಬ್ಬರು ಆಳುಗಳು ಹುಟ್ಟು ಹಿಡಿದು ಅಡ್ಡ ಬಂದರು.

"ಬೋಟ್ ಕೀ ಕೊಡು!"

"ಸರ್, ಕೂಲ್ ಡೌನ್. ನೀವು ಕೂಗಾಡಿದ್ರೆ ಹುಡುಗೀರು ಪ್ಯಾನಿಕ್ ಆಗ್ತಾರೆ. ಇವತ್ತೊಂದು ಟ್ರಿಪ್ ಮುಗೀಲಿ. ನಾಳೆಯಿಂದ ಒರಿಜಿನಲ್ ಜಾಕೆಟ್..."

"ಕೀ!"

ಅವನು ಜೇಬಿನಿಂದ ಕೀ ತೆಗೆದ. ಕೊಡುತ್ತಾನೆ ಅಂದುಕೊಂಡೆ. ನನ್ನ ಕಣ್ಣೆದುರಿಗೇ ನೀರಿಗೆ ಎಸೆದ! ಬೋಟು ಹೊರಟರೆ ವಿಷಯ ಊರಿಗೆ ಗೊತ್ತಾಗುತ್ತದೆ ಎಂಬುದಷ್ಟೇ ಅವನ ಭಯ.

ನನ್ನ ಕೈ ತಾನಾಗಿ ಎದ್ದಿತು. ಅವನ ಮುಂದಿನ ಹಲ್ಲು ನನ್ನ ಗೆಣ್ಣಿನಲ್ಲಿ ಕೂತಿತು. ಒಬ್ಬ ಆಳು ಹುಟ್ಟು ಬೀಸಿದ. ನನ್ನ ಭುಜದ ಮೇಲೆ ಅದು ಎರಡು ತುಂಡಾಯಿತು. ಒಂದು ತುಂಡನ್ನು ನಾನೇ ಎತ್ತಿಕೊಂಡು ಅವನ ಮೊಳಕಾಲಿಗೆ ಕೊಟ್ಟೆ. ಇನ್ನೊಬ್ಬನನ್ನು ಗಿಡ್ಡಯ್ಯ ಎತ್ತಿ ಜೆಟ್ಟಿಯಿಂದ ಕೆಳಗೆ ಎಸೆದ. ಚೇತನ್ ಎದ್ದು ಓಡಲು ನೋಡಿದ. ಕಾಲು ಹಿಡಿದು ಎಳೆದು, ಹಲಗೆಗೆ ಮುಖ ಹಾಕಿ ಉಜ್ಜಿದೆ.

"ಏನ್ರಲಾ ಅದು ಗಲಾಟೆ?"

ತಮ್ಮಯ್ಯ! ಅವನ ಹಳೇ ಡೀಸೆಲ್ ದೋಣಿ ಪಕ್ಕದ ದಡದಲ್ಲಿತ್ತು. ಗಿಡ್ಡಯ್ಯ ಒಂದೇ ಉಸಿರಿಗೆ ಹೇಳಿದ. ತಮ್ಮಯ್ಯ ನನ್ನ ಕಡೆ ನೋಡಲಿಲ್ಲ. ಒಣಮರಗಳ ಕಡೆ ನೋಡಿದ. ಬೀಡಿ ಬಾಯಿಂದ ಬಿತ್ತು.

"ಅಲ್ಲಿಗ್ಯಾಕೆ ಬುಟ್ಟೆಯೋ ಮುಂಡೇಮಗನೇ! ಅಲ್ಲಿ ನಮ್ಮೂರ ಬಾವಿ ಐತಲ್ಲೋ, ತಳಾನೇ ಸಿಗಾಕಿಲ್ಲ!" ಎಂದು ಚೇತನ್‌ಗೆ ಒಂದು ಒದೆ ಕೊಟ್ಟು, ಹಗ್ಗ ಬಿಚ್ಚಿದ. "ಹತ್ರಲಾ!"

ಡೀಸೆಲ್ ಇಂಜಿನ್ನು ಕೆಮ್ಮಿಕೊಂಡು ಹೊರಟಿತು. ಓಡಿದ ಹಾಗೆಯೇ ಅನಿಸಲಿಲ್ಲ. ಹತ್ತಿರವಾದಂತೆ ಕಿರುಚಾಟ ಕೇಳಿಸಿತು. ಎರಡು ಕಯಾಕು ಮಗುಚಿದ್ದವು. ಒಂದು ಮಗುಚಿದ್ದನ್ನು ಕಂಡು ಗಾಬರಿಯಾಗಿ ಪಕ್ಕದವರೂ ವಾಲಿ ಬಿದ್ದಿದ್ದರು. ನೀರಿನಲ್ಲಿ ತಲೆಗಳು. ಬಿಳೀ ಟೀ ಶರ್ಟಿನ ಗೈಡು ತನ್ನ ದೋಣಿಯಲ್ಲೇ ಕೂತು ಕೂಗುತ್ತಿದ್ದ.

"ಡೋಂಟ್ ವರಿ! ಜಾಕೆಟ್ ಇದೆ, ಮುಳುಗಲ್ಲ! ದೋಣಿ ಬಿಟ್ಬಿಡಿ, ಸುಮ್ನೆ ತೇಲ್ತಾ ಇರಿ!"

"ಸುಳ್ಳು!" ನಾನು ಗಂಟಲು ಹರಿಯುವಂತೆ ಕೂಗಿದೆ. "ಜಾಕೆಟ್ ಬಿಚ್ಚಿ! ಬಿಚ್ಚಿ ಎಸೀರಿ! ದೋಣಿ ಹಿಡ್ಕೊಳ್ಳಿ!"

ಮುಳುಗುತ್ತಿರುವವರಿಗೆ ಜಾಕೆಟ್ ಬಿಚ್ಚು ಅಂತ ಯಾರಾದರೂ ಹೇಳುತ್ತಾರೆಯೇ? ಹುಡುಗಿಯರು ಜಾಕೆಟ್ಟನ್ನು ಇನ್ನೂ ಬಿಗಿಯಾಗಿ ತಬ್ಬಿಕೊಂಡರು. ತಲೆ ಒಡೆದು, ಕೊಳೆತ ನೀರಿನ ನಾತ ಹೊಡೆಯುತ್ತ, ರೌಡಿಗಳ ದೋಣಿಯಲ್ಲಿ ಬಂದು ಕಿರುಚುತ್ತಿದ್ದವನು ನಾನು. ಇಸ್ತ್ರಿ ಮಾಡಿದ ಟೀ ಶರ್ಟು ಹಾಕಿದ್ದವನು ಅವನು. ಅವರ ಜಾಗದಲ್ಲಿ ನಾನಿದ್ದರೂ ಅವನನ್ನೇ ನಂಬುತ್ತಿದ್ದೆ. ಹಿಂದಿನ ದಿನ ನಂಬಿದ್ದೆನಲ್ಲ!

ಒಂದು ತಲೆ ನನ್ನ ಕಡೆ ತಿರುಗಿತು. ಸಿರಿ. ತುಟಿ ನೀಲಿಯಾಗಿತ್ತು. ಗದ್ದದವರೆಗೂ ನೀರು.

"ಮಾಮಾ...?"

"ಬಿಚ್ಚೇ ಸಿರಿ! ಬಿಚ್ಚಿ ದೋಣಿ ಹಿಡ್ಕೋ!"

ಗೈಡಿನ ಕಡೆ ನೋಡಿದಳು. ನನ್ನ ಕಡೆ ನೋಡಿದಳು. ಕೈ ನೀರಿನೊಳಗೆ ಹೋಯಿತು. ಬಕಲ್ ಬಿಚ್ಚಿತು. ಕಿತ್ತಳೆ ಜಾಕೆಟ್ಟು ಅವಳ ಮೈಯಿಂದ ಕಳಚಿ ಗುಂಡುಕಲ್ಲಿನ ಹಾಗೆ ಕೆಳಗೆ ಹೋಯಿತು. ಎಲ್ಲರೂ ಅದನ್ನು ಕಂಡರು! ಮಗುಚಿದ ಕಯಾಕಿನ ಬೆನ್ನಿಗೆ ಸಿರಿ ಎರಡೂ ತೋಳು ಹಾಕಿ ನೇತುಬಿದ್ದಳು. "ಬಿಚ್ರೇ! ಎಲ್ರೂ ಬಿಚ್ರೇ!" ಎಂದು ಅವಳೇ ಕೂಗತೊಡಗಿದಳು.

ಆಮೇಲೆ ನಾವೂ ನೀರಿಗೆ ಹಾರಿದೆವು. ಜಡೆ, ದುಪಟ್ಟಾ, ತೋಳು... ಸಿಕ್ಕಿದ್ದನ್ನು ಹಿಡಿದು ದೋಣಿಗೆ ಹಾಕಿದೆವು. ಗಿಡ್ಡಯ್ಯ ಒಬ್ಬಳನ್ನು ಹೆಗಲ ಮೇಲೆ ಹೊತ್ತು ಇನ್ನೊಬ್ಬಳನ್ನು ಕಂಕುಳಲ್ಲಿ ಹಿಡಿದು ಈಜಿದ. ಮೀಸೆಯವನು, ಬೊಬ್ಬೆ ಎದ್ದ ಮುಖದವನು, ದೋಣಿಯ ಅಂಚಿನಲ್ಲಿ ಮಲಗಿ ಒಬ್ಬೊಬ್ಬರನ್ನೇ ಎಳೆದುಕೊಂಡ.

"ಮೇಡಂ! ಮೇಡಂ ಎಲ್ಲಿ?"

ಲತಾಮಣಿ ಮೇಡಂ ಒಂದು ಹುಡುಗಿಯನ್ನು ಮೇಲಕ್ಕೆತ್ತಿ ಹಿಡಿದಿದ್ದರಂತೆ. ಆ ಹುಡುಗಿ ದೋಣಿಗೆ ಬಂದಿತ್ತು. ಎತ್ತಿದವರು ಇರಲಿಲ್ಲ. ನೀರಿನ ಮೇಲೆ ಗುಳ್ಳೆ ಮಾತ್ರ.

ತಮ್ಮಯ್ಯ ಬಾಯಲ್ಲಿ ಕುಡುಗೋಲು ಕಚ್ಚಿಕೊಂಡು ಮುಳುಗಿದ. ತಾನು ಹುಟ್ಟಿದ ಊರಿನೊಳಕ್ಕೇ ಇಳಿದ. ನಾನು ಹಿಂದೆ ಹೋದೆ, ಏನೂ ಕಾಣಲಿಲ್ಲ. ಮೇಲೆ ಬಂದೆ. ಅವನು ಬರಲಿಲ್ಲ. ಗಿಡ್ಡಯ್ಯ "ಅಣ್ಣೋ!" ಎಂದು ಅಳತೊಡಗಿದ.

ಮರದ ಬುಡದಲ್ಲಿ ನೀರು ಒಡೆಯಿತು. ಮೊದಲು ಮೇಡಂ ತಲೆ. ಕೆಳಗೆ ಅದನ್ನು ಎತ್ತಿ ಹಿಡಿದ ತಮ್ಮಯ್ಯನ ಕೈ. ಜಾಕೆಟ್ಟಿನ ಪಟ್ಟಿಯನ್ನು ಕುಯ್ದು ಬಿಟ್ಟು ಬಂದಿದ್ದ. ದೋಣಿಯ ಹಲಗೆಯ ಮೇಲೆ ಬೋರಲು ಮಲಗಿಸಿ ಬೆನ್ನು ಅದುಮಿದ. ಮೇಡಂ ನೀರು ಕಾರಿದರು. ಆಮೇಲೆ ಅಳು ಬಂತು. ಆ ಅಳು ಕೇಳಿ ನನಗೆ ಎಷ್ಟು ಸಂತೋಷವಾಯಿತು ಅಂದರೆ ಇಂಜಿನ್ ಮೇಲೆ ತಲೆಯಿಟ್ಟು ನಾನೂ ಅತ್ತುಬಿಟ್ಟೆ.

ಎಲ್ಲರೂ ಬದುಕಿದರು.

ದಡದಲ್ಲಿ ಪೊಲೀಸ್ ಜೀಪು ಬಂದು ನಿಂತಿತ್ತು. ಚೇತನ್‌ಕುಮಾರ್ ಕಾರಿನಲ್ಲಿ ಜಾರಲು ಹೋಗಿ ಸಿಕ್ಕಿಬಿದ್ದಿದ್ದ. ಜೀಪಿಗೆ ಹತ್ತಿಸುವ ಮುಂಚೆ ತಮ್ಮಯ್ಯ ಹೋಗಿ ಅವನ ಪಕ್ಕೆಗೆ ಒಂದೇ ಒಂದು ಗುದ್ದು ಕೊಟ್ಟ. ಒಳಗೆ ಏನೋ ಮುರಿದ ಸದ್ದು ನನಗೂ ಕೇಳಿಸಿತು. ಪೊಲೀಸಿನವರು ಆ ಹೊತ್ತಿನಲ್ಲಿ ನೀರಿನ ಕಡೆ ನೋಡುತ್ತಿದ್ದರು.

ಆಮೇಲೆ ತಮ್ಮಯ್ಯ ನನ್ನ ಮುಂದೆ ಬಂದು ನಿಂತ. ನಾನೂ ಎದ್ದು ನಿಂತೆ. ಹೊಡೆಯಲಿ ಅಂದುಕೊಂಡೆ. ಅವನು ಬೀಡಿ ಕಟ್ಟು ಚಾಚಿದ. ಎಲ್ಲ ಒದ್ದೆಯಾಗಿತ್ತು. ಇಬ್ಬರೂ ಹಚ್ಚದೆ ಬಾಯಲ್ಲಿಟ್ಟುಕೊಂಡು ಕೂತೆ‌ವು.

ಸಿರಿ ಕಂಬಳಿ ಹೊದ್ದು ಬಂದಳು. ಹಲ್ಲು ಕಟಕಟ ಅನ್ನುತ್ತಿತ್ತು. ನನ್ನ ಪಕ್ಕದಲ್ಲಿ ಕೂತು, ಒಡೆದ ನನ್ನ ಹಣೆಯನ್ನು ಕಂಬಳಿಯ ತುದಿಯಿಂದ ಒರೆಸಿದಳು. ಕೋಪವಿರಲಿಲ್ಲ ಅವಳಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು.

"ಬೆಳಿಗ್ಗೆ ಎಲ್ರೂ ಹೆದರ್ಕೊಂಡು ದಡದಲ್ಲೇ ನಿಂತಿದ್ರು ಮಾಮ," ಅಂದಳು. "ಗಾಳಿ ಬರ್ತಿದೆ, ಬೇಡ ಅಂದ್ರು ಮೇಡಮ್ಮೂ. ನಮ್ಮ ಮಾಮನೇ ಬಂದು ನೋಡಿ ಆರಿಸಿರೋ ಕಂಪನಿ ಕಣ್ರೇ, ಏನೂ ಆಗಲ್ಲ ಅಂತ... ನಾನೇ ಎಲ್ರನ್ನೂ ಇಳಿಸ್ದೆ."

ಆ ಎರಡು ದಿನದಲ್ಲಿ ನನಗೆ ಬಿದ್ದ ಏಟುಗಳನ್ನೆಲ್ಲ ಕೊಟ್ಟವರಿಗೇ ತಿರುಗಿಸಿ ಕೊಟ್ಟೆ, ಇಲ್ಲವೇ ಮರೆತೆ. ಇದೊಂದು ಉಳಿದುಬಿಟ್ಟಿದೆ... ಯಾರಿಗೆ ಕೊಡಲಿ, ನೀವೇ ಹೇಳಿ!